ನಾಸಿಕದ ಚಂದ್ರ

ಡಿಸೆಂಬರ್ 20, 1988. ನಾಸಿಕ

…"ಒಂದ ಅಕ್ಷಾಂಶದ ಮ್ಯಾಲೆ ಇರ್ತೀವಲ್ಲ, ಭಾಳ ದೂರ ಹೋದಂಗಲ್ಲ ಬಿಡ್ರಿ" — ಹೀಗೇ ಅಂದಿದ್ದಳೋ, ಬೇರೆ ಏನೋ. ಔರಂಗಾಬಾದಿನ ಬಸ್ ನಿಲ್ದಾಣದಲ್ಲಿ, ನನ್ನ ಟ್ರಂಕಿನ ಮೇಲೆ ಕೈಯಿಟ್ಟು. ಎರಡು ವರ್ಷವಾಯಿತು. ಹೆಂಡತಿ ಅಲಕಾ ಅಲ್ಲಿ ಭೂಗೋಳದ ಟೀಚರ್. ನನ್ನ ಬ್ಯಾಂಕು ಇಲ್ಲಿ.

ಬೆಳಿಗ್ಗೆ ಹಾಲು ಉಕ್ಕಿತು. ಆಫೀಸಿನಲ್ಲಿ ಜಯಕರ ಸಾಹೇಬರು: "ಇಲ್ಲೇ ಹತ್ತಿರದ ಘೋಟಿ ಬ್ರಾಂಚಿಗೆ ನಿಮ್ಮನ್ನು ಮ್ಯಾನೇಜರ್ ಮಾಡ್ತಾರಂತೆ. ಮೂರು ವರ್ಷ. ಒಪ್ಪಿಗೆ ಬರೆದುಕೊಡಿ ಮಾರಾಯ್ರೆ." ನೋಡೋಣ ಅಂದೆ.

ಡಿಸೆಂಬರ್ 26

ಸಂಕಷ್ಟಿ. ನನಗೆ ನಂಬಿಕೆಯಿಲ್ಲ. ಆದರೂ ಚಂದ್ರ ಬಂದಾಗ ಅವಳು ಅಲ್ಲಿ ಉಪವಾಸ ಬಿಡುವುದು, ನಾನು ಇಲ್ಲಿ ಊಟಕ್ಕೆ ಕೂಡುವುದು — ವರ್ಗವಾದಾಗಿನ ಒಪ್ಪಂದ. ತಿಂಗಳಿಗೊಂದು ಊಟ, ಜೊತೆಗೆ.

ಕ್ಯಾಲೆಂಡರಿನಲ್ಲಿ ನಾಸಿಕದ ಚಂದ್ರೋದಯವನ್ನಷ್ಟೇ ನೋಡುತ್ತಿದ್ದೆ. ಇವತ್ತು ಕೆಳಗಿನ ಸಾಲಿಗೆ ಕಣ್ಣು ಹೋಯಿತು. ಔರಂಗಾಬಾದ್ — ಆರು ನಿಮಿಷ ಮೊದಲು.

ಮದುವೆಯಾದ ಹೊಸತು. ಅವಳು ಮೋಸಂಬಿಯ ಮೇಲೆ ಇಂಕ್ ಪೆನ್ನಿನಿಂದ ಗೆರೆ ಎಳೆದು ನನ್ನೆದುರು ಪಾಠ ರೂಢಿಸಿಕೊಳ್ಳುತ್ತಿದ್ದಳು. "ಅಡ್ಡ ಗೆರಿ ಅಕ್ಷಾಂಶ, ಉದ್ದ ಗೆರಿ ರೇಖಾಂಶ. ಎರಡೂ ಕೂಡೋ ಕಡೆ ಊರು. ಭೂಮಿ ಒಂದು ಡಿಗ್ರಿ ತಿರುಗಲಿಕ್ಕೆ ನಾಕ ನಿಮಿಷ."

"ಹಣ್ಣು ತಿನ್ನೋದು ಯಾವಾಗ?"

"ಹಿಂದಿನ ಬೆಂಚಿನವ್ರು ಸುಮ್ನ ಕೂಡ್ರಿ."

ಎರಡೂ ಊರಿಗೆ ಅಡ್ಡ ಗೆರೆ ಒಂದೇ, ಇಪ್ಪತ್ತರ ಆಸುಪಾಸು. ಉದ್ದ ಗೆರೆಯಲ್ಲಿ ಒಂದೂವರೆ ಡಿಗ್ರಿ ಅಂತರ. ಲೆಕ್ಕ ಸರಿ. ಅಂದರೆ ಎರಡು ವರ್ಷದಲ್ಲಿ ಜೊತೆಗೆ ಕೈ ತೊಳೆದು ಕೂತದ್ದು ಒಮ್ಮೆಯೂ ಇಲ್ಲ. ದುಃಖವೇನಲ್ಲ. ಎಲ್ಲೋ ಒಂದು ಗಂಟು ಸಡಿಲವಾದಂತೆ.

ಡಿಸೆಂಬರ್ 28

ಘೋಟಿಗೆ ಒಪ್ಪಿಗೆ ಬರೆದುಕೊಟ್ಟೆ.

ಜನವರಿ 8, 1989. ಔರಂಗಾಬಾದ್. ಭಾನುವಾರ

ಮೆಟ್ಟಿಲ ಮೇಲೆಯೇ ಪಕ್ಕದ ಮನೆಯ ರುಕ್ಮಿಣಿಬಾಯಿ ಹಿಡಿದರು. ಬೀದರ ಕಡೆಯವರು, ಬಾಯಿ ಜೋರು. "ಸಾಹೇಬ್ರ, ನಿಮ್ಮ ನಾಸಿಕದಾಗ ಬ್ಯಾರೆ ಚಂದ್ರ ಅದ ಏನ್ರಿ?"

"ಯಾಕ್ರಿ?"

"ಸಂಕಷ್ಟಿ ದಿನ ಚಂದ್ರ ಕಣ್ಣಿಗಿ ಕಾಣ್ತಾನ. ನಾವು ಉಣ್ಣಾಕ ಕೂಡ್ತೀವಿ. ಇವ್ರು ಮಾಳಿಗಿ ಮ್ಯಾಲೆ ನಿಂತೇ ಇರ್ತಾರ. ಬರ್ರಿ ಅಕ್ಕಾ ಅಂದ್ರ, 'ನಾಸಿಕದಾಗ ಇನ್ನಾ ಬಂದಿಲ್ಲ' ಅಂತಾರ!"

ಸೆರಗು ಬಾಯಿಗಿಟ್ಟು ನಕ್ಕರು. ನಾನೂ ನಕ್ಕೆ, ತಡವಾಗಿ.

ಒಳಗೆ ಅಲಕಾ ಚಹಾ ಕೊಟ್ಟಳು. ಮಾಳಿಗೆಯ ಮಾತು ನಾನು ಎತ್ತಲಿಲ್ಲ. ಘೋಟಿಯ ವಿಷಯ ಹೇಳಿದೆ. ಮೋಸಂಬಿ ಸುಲಿಯುತ್ತಿದ್ದವಳು ತಲೆಯೆತ್ತಲಿಲ್ಲ.

"ಘೋಟಿ ಇನ್ನೂ ಪಶ್ಚಿಮಕ್ಕ. ಮತ್ತ ಅರ್ಧ ನಿಮಿಷ. ಅಷ್ಟ."

ಜನವರಿ 9. ನಾಸಿಕ

ಒಪ್ಪಿಗೆ ಹಿಂದಕ್ಕೆ ಬೇಕು ಅಂದೆ. ಜಯಕರ ಕನ್ನಡಕ ತೆಗೆದರು. "ಕಾಗದ ಪುಣೆಯ ಹೆಡ್ಡಾಫೀಸಿಗೆ ಹೋಗಿ ಹತ್ತು ದಿನ ಆಯ್ತು. ಇನ್ನೊಂದು ಬರೀರಿ, ಕಳಿಸ್ತೇನೆ. ಕಾರಣ?"

ಅರ್ಧ ನಿಮಿಷ ಎಂದು ಬರೆಯಲಾಗುತ್ತದೆಯೇ. 'ಕೌಟುಂಬಿಕ' ಎಂದು ಬರೆದೆ.

ಜನವರಿ 25

ಸಂಕಷ್ಟಿ. ಪುಣೆಯಿಂದ ಉತ್ತರವಿಲ್ಲ.

ತಟ್ಟೆ ಬಡಿಸಿಕೊಂಡಿದ್ದೇನೆ. ಕೈಗಡಿಯಾರ ಬಿಚ್ಚಿ ಎದುರಿಗಿಟ್ಟೆ. ಅಲ್ಲಿ ಚಂದ್ರ ಬಂದಾಯಿತು. ಇಲ್ಲಿ ಇನ್ನೂ ಇಲ್ಲ. ಇವತ್ತು ಈ ಆರು ನಿಮಿಷ ನಾನೂ ಲೆಕ್ಕವಿಟ್ಟು ಕಾಯುತ್ತಿದ್ದೇನೆ. ಐದು… ನಾಲ್ಕು. ಅನ್ನ ಆರುತ್ತಿದೆ.

ಅಲಕಾ, ಹಸಿದು ಮಾಳಿಗೆಯ ಮೇಲೆ ನಿಂತಾಗ ಯಾವ ಕಡೆ ಮುಖ ಮಾಡಿರುತ್ತೀ — ಚಂದ್ರನಿರುವ ಪೂರ್ವಕ್ಕೋ, ಇಲ್ಲ…