ಮಳೆಗಾಲದಲ್ಲಿ ಬಾರದ ಜೀಪು

ಅಮ್ಮಿನಬಾವಿ
೯ ಜೂನ್ ೨೦೨೫, ಸೋಮವಾರ

ಪ್ರೀತಿಯ ಪ್ರಭಾ ಅಕ್ಕನಿಗೆ,

ನೀನು ಸಹಿ ಮಾಡಿದ ವರದಿ ಸುಳ್ಳು. ‘ಕ್ವಾರಿಯಿಂದ ಹೊರಗೆ ಯಾವುದೇ ನೀರು ಹರಿಯುತ್ತಿಲ್ಲ’ ಎಂದು ಮಾರ್ಚ್ ಹನ್ನೊಂದರಂದು ಬರೆದಿದ್ದೀಯ. ಹರಿಯುತ್ತದೆ ಅಕ್ಕಾ. ನಮ್ಮ ಓಣಿಯ ಬಾವಿಯ ಮಗ್ಗುಲಿನ ಹಳ್ಳಕ್ಕೇ ಹರಿಯುತ್ತದೆ.

ಜೈ ಭೀಮ್. ಮೊದಲು ಕುಶಲ ಕೇಳಬೇಕಿತ್ತು, ಸಿಟ್ಟು ಮುಂದೆ ಬಂದುಬಿಟ್ಟಿತು. ನೀನು ಆರಾಮವಾಗಿದ್ದೀ ಎಂದುಕೊಂಡಿದ್ದೇನೆ. ಅವ್ವನ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ಏಪ್ರಿಲ್ ಹದಿನಾಲ್ಕಕ್ಕೆ ನೀನು ಕೊರಿಯರ್ ಮಾಡಿದ ಸೀರೆ ಮುಟ್ಟಿತು. ಮುಟ್ಟಿತೆಂದು ಈಗ ಬರೆಯುತ್ತಿದ್ದೇನೆ, ತಡವಾಯಿತು. ಫೋನು ಮಾಡಿದರೆ ‘ಮೀಟಿಂಗಿನ್ಯಾಗ ಅದೇನಿ’ ಅನ್ನುತ್ತೀ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ.

ತಡವಾಗಲು ಇನ್ನೊಂದು ಕಾರಣವಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆ ವರದಿಯ ನಕಲು ತರಿಸಿಕೊಂಡೆ. ಕೆಳಗೆ ನಿನ್ನ ಸಹಿ ಕಂಡಿತು. ಮೂರು ವಾರ ಆ ಹಾಳೆಯನ್ನು ಯಾರಿಗೂ ತೋರಿಸಲಿಲ್ಲ. ಹಾಸ್ಟೆಲ್ಲಿನಿಂದ ಬರುವಾಗ ನನಗೆಂದು ಕಿರುಹೊತ್ತಿಗೆಗಳನ್ನು ತರುತ್ತಿದ್ದವಳು ನೀನು. ನೀರಿನ ಕಾಯಿದೆಯ ಪುಸ್ತಿಕೆಯಲ್ಲಿ ನೀನೇ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದೆ: ಅನುಮತಿ ಇಲ್ಲದೆ ಕೊಳಚೆಯನ್ನು ಹಳ್ಳಕ್ಕೂ ಬಾವಿಗೂ ಬಿಡುವಂತಿಲ್ಲ. ನಾನು ಅದನ್ನು ಓದಿ ನಂಬಿದೆ.

ಈಗ ನಾನು ಕಂಡದ್ದನ್ನು ಹೇಳುತ್ತೇನೆ. ಮಳೆ ಶುರುವಾದರೆ ಕ್ವಾರಿಯ ಗುಂಡಿ ತುಂಬುತ್ತದೆ. ಪ್ರತಿ ಶನಿವಾರ ಹತ್ತು ಗಂಟೆಗೆ ಬ್ಲಾಸ್ಟಿಂಗ್. ಅದಕ್ಕೆ ಮೊದಲು ಗುಂಡಿ ಖಾಲಿಯಾಗಬೇಕೆಂದು ಬೆಳಿಗ್ಗೆ ಆರಕ್ಕೆ ಪಂಪು ಹಚ್ಚುತ್ತಾರೆ. ಪೈಪಿನ ಬಾಯಿ ಕ್ವಾರಿಯ ಬೇಲಿಯ ಹಿಂದೆ, ಜಾಲಿ ಕಂಟಿಯ ಸಂದಿಯಲ್ಲಿದೆ. ಕಲ್ಲುಪುಡಿ ಕಲೆತ ಬೂದಿ ಬಣ್ಣದ ನೀರು. ಸಿಡಿಮದ್ದಿನ ಉಳಿಕೆಯೂ ಅದರಲ್ಲಿರುತ್ತದೆ ಎಂದು ಓದಿದ್ದೇನೆ. ಎಷ್ಟಿದೆ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಜೋರು ಮಳೆಯಾದರೆ ಪುಡಿಯ ಗುಡ್ಡೆಗಳೂ ತೊಳೆದುಕೊಂಡು ಅದೇ ಹಳ್ಳಕ್ಕೆ ಬರುತ್ತವೆ. ಹೋದ ವರ್ಷ ಬಾವಿಯ ನೀರು ದೀಪಾವಳಿಯವರೆಗೂ ತಿಳಿಯಾಗಲಿಲ್ಲ.

ಆ ನೀರನ್ನು ಒಂದು ಬಾಟಲಿ ತುಂಬಿಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಕಚೇರಿಗೇ ಹೋಗಿದ್ದೆ. ನೀನು ಅಂದು ಬೆಳಗಾವಿಯಲ್ಲಿದ್ದೆ. ಗುಮಾಸ್ತರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, “ತಮ್ಮಾ, ಬಾಟಲಿ ನಿಂದು, ನೀರೂ ನಿಂದು. ಮನ್ಯಾಗ ಕಲಸಿ ತಂದಿಲ್ಲಂತ ನಾವ್ ಹ್ಯಾಂಗ ನಂಬೂದು? ಆಫೀಸರ್ ಬಂದು ತುಂಬಿದ್ರ ಅಷ್ಟ ಲೆಕ್ಕಕ್ಕ” ಎಂದರು.

“ಹಂಗಾರ ಮಳ್ಯಾಗ ಬರ್ರಿ.”

“ಮಳ್ಯಾಗ ಬರಾಕ ನಮ್ಮ ಜೀಪೇನು ಎಮ್ಮಿ ಐತೇನೋ? ಎರಿ ಮಣ್ಣಾಗ ಹುಗದ್ರ ನೀ ಎಳೀತೀಯೇನು?”

ನನಗೆ ಅಲ್ಲೇ ಎಲ್ಲ ತಿಳಿಯಿತು. ಜೀಪು ಹೂತುಹೋಗುತ್ತದೆಂದು ನೀವು ಯಾವಾಗಲೂ ಒಣಗಿದ ಮೇಲೆ ಬರುತ್ತೀರಿ. ಒಣಗಿದ ಮೇಲೆ ನೀರು ಹರಿಯುವುದಿಲ್ಲ. ನೀವು ಕಂಡದ್ದನ್ನೇ ಬರೆಯುತ್ತೀರಿ. ಎಷ್ಟು ಸುಲಭ! ಯಾರೂ ಲಂಚ ಕೊಡಬೇಕಿಲ್ಲ. ಮಣ್ಣೇ ಕ್ವಾರಿಯವರ ಕೆಲಸ ಮಾಡಿಕೊಡುತ್ತದೆ.

ಆದ್ದರಿಂದ ನಾವು ದಾರಿ ಮಾಡಿದ್ದೇವೆ ಅಕ್ಕಾ. ಅಮರಗೋಳದ ಮಾರ್ಕೆಟ್ಟಿನ ಕೆಲಸಕ್ಕೆ ನಾಲ್ಕು ದಿನ ರಜೆ ಹಾಕಿದೆ. ಕ್ವಾರಿಯ ಮ್ಯಾನೇಜರ್ ಯಜ್ಞೇಶ್ವರ ಅವರ ಹತ್ತಿರ ಹೋಗಿ ಓಣಿಯ ದಾರಿಗೆ ಹಾಸಲು ಜಲ್ಲಿ ಖಡಿ ಬೇಕೆಂದು ಕೇಳಿದೆ. ಅವರಿಗೆ ಖುಷಿಯೋ ಖುಷಿ. “ಪುಸ್ತಕ ಓದೂದು ಬಿಟ್ಟು ಊರ ಕೆಲಸಕ್ಕ ನಿಂತಿ, ಛಲೋ ಆತು ನೋಡು. ಎರಡು ಟ್ರ್ಯಾಕ್ಟರ್ ಒಯ್ಯಿ” ಎಂದರು. ಡಾಂಬರು ರಸ್ತೆಯಿಂದ ಬೇಲಿಯ ತನಕ ಇಡೀ ಓಣಿ ಸೇರಿ ಹಾಸಿದೆವು. ಅವ್ವನೂ ಬುಟ್ಟಿ ಹೊತ್ತಳು, ಬೇಡವೆಂದರೆ ಕೇಳಲಿಲ್ಲ. ಪಕ್ಕದ ಮನೆಯ ಇಮಾಮಬಿ ಚಿಕ್ಕಮ್ಮ ನಗುತ್ತ, “ಅವರ ಖಡಿ ಹಾಸಿ ಅವರ ಮನಿಗೇ ಪೊಲೀಸ್ನ ಕರದಂಗಾತಲ್ಲೋ ಗೌತಮಾ!” ಎಂದಳು.

ಕ್ವಾರಿ ಮುಚ್ಚಿಸು ಎಂದು ನಾನು ಕೇಳುತ್ತಿಲ್ಲ. ನಮ್ಮ ಓಣಿಯ ಹತ್ತು ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ಗುಂಡಿಯ ನೀರು ನಿಂತು ತಿಳಿಯಾಗಲು ಹೊಂಡ ತೋಡಲಿ, ಪುಡಿಯ ಗುಡ್ಡೆಯ ಸುತ್ತ ಕಾಲುವೆ ತೆಗೆಯಲಿ, ಬಿಡುವ ಮೊದಲು ನೀರನ್ನು ಪರೀಕ್ಷಿಸಲಿ. ಇಷ್ಟನ್ನೂ ಅನುಮತಿಯಲ್ಲಿ ಬರೆಯಿರಿ. ಆದರೆ ಬರುವ ಸೋಮವಾರ, ಹದಿನಾರಕ್ಕೆ, ನಿನ್ನ ವರದಿಯ ಆಧಾರದ ಮೇಲೆ ಆ ಅನುಮತಿ ಐದು ವರ್ಷಕ್ಕೆ ನವೀಕರಣವಾಗುತ್ತದೆ. ನಡುವೆ ಉಳಿದಿರುವುದು ಒಂದೇ ಶನಿವಾರ. ಮಳೆ ಚೆನ್ನಾಗಿ ಹಿಡಿದಿದೆ, ಗುಂಡಿ ತುಂಬಿದೆ. ನೀನು ಬಂದು, ನಿನ್ನ ಬಾಟಲಿಯಲ್ಲಿ, ನಿನ್ನ ಕೈಯಾರೆ ತುಂಬಬೇಕು. ಮೊದಲು ಬರೆದದ್ದು ತಪ್ಪೆಂದು ಒಪ್ಪಿಕೊಂಡರೆ ಮೇಲಿನವರು ನೋಟೀಸು ಕೊಡಬಹುದು. ಕೊಡಲಿ. ಅದಕ್ಕೆ ಉತ್ತರ ಬರೆಯಲು ರಾತ್ರಿಯೆಲ್ಲ ನಿನ್ನ ಜೊತೆ ಕೂರುತ್ತೇನೆ.

ನೀನು ಬಾರದಿದ್ದರೆ ಈ ವರದಿಯನ್ನು ಓಣಿಯಲ್ಲಿ ಓದಿ ಹೇಳುತ್ತೇನೆ, ಸಹಿಯ ಸಮೇತ. ಅಕ್ಕನೆಂದು ಬಿಡುವುದಿಲ್ಲ. ಬಿಟ್ಟರೆ ನೀನು ಗೆರೆ ಎಳೆದು ಓದಿಸಿದ್ದಕ್ಕೆ ಅರ್ಥವಿರುವುದಿಲ್ಲ.

ನಿನಗೆ ಒಳ್ಳೆಯದಾಗಲಿ ಅಕ್ಕಾ. ಕೈ ನಡುಗದಿರಲಿ.

ನಿನ್ನ ತಮ್ಮ,
ಗೌತಮ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಮಾರ್ಚ್ ಹನ್ನೊಂದರಂದು ನಿಮ್ಮ ಜೀಪು ಬಾವಿಯ ಮುಂದೆಯೇ ಹೋಯಿತು. ಅವ್ವ ಕೊಡ ಕೆಳಗಿಟ್ಟು ಕೈ ಎತ್ತಿದ್ದಳು. ನೀನು ನೋಡಿದೆ. ಗಾಜು ಏರಿಸಿದೆ. ಒಳಗೆ ಮ್ಯಾನೇಜರ್ “ಮೇಡಂ, ಈ ಕಡೆಯವರೇನ್ರಿ?” ಎಂದು ಕೇಳಿದ್ದಕ್ಕೆ “ಅಲ್ರಿ, ಹುಬ್ಬಳ್ಳಿಯವರು” ಎಂದೆಯಂತೆ. ಹಿಂದಿನ ಸೀಟಿನಲ್ಲಿದ್ದ ಕ್ವಾರಿಯ ವಾಚ್‌ಮನ್ ಶಶಿಕಾಂತ ನನಗೆ ಹೇಳಿದ. ಅವನ ಹೆಸರನ್ನು ಎಲ್ಲಿಯೂ ಎತ್ತಬೇಡ. ಅವ್ವನಿಗೆ ಈ ಮಾತು ಗೊತ್ತಿಲ್ಲ. ಮೊನ್ನೆ ಖಡಿ ಸುರಿಯುತ್ತ ಇಮಾಮಬಿ ಚಿಕ್ಕಮ್ಮನಿಗೆ ಅವಳು ಹೇಳುತ್ತಿದ್ದಳು: “ಅವತ್ತ ಕೆಸರಿತ್ತಲ್ಲವಾ, ಅದಕ್ಕ ನಮ್ಮ ಪ್ರಭಾನ ಜೀಪ ನಿಂದ್ರಲಿಲ್ಲ. ಈ ಸಲ ನಿಂದರ್ತೈತಿ ನೋಡು.”

ಮಾರ್ಚಿನಲ್ಲಿ ಎಲ್ಲಿಯ ಕೆಸರು ಅಕ್ಕಾ?

ಮೊದಲು ಬಾವಿಯ ಹತ್ತಿರ ಜೀಪು ನಿಲ್ಲಿಸಿ ಇಳಿ. ಅವ್ವ ಅಲ್ಲಿರುತ್ತಾಳೆ. ಅಲ್ಲಿಂದ ಪೈಪಿನ ತನಕ ಮೂವರೂ ನಡೆದು ಹೋಗೋಣ. ಶನಿವಾರ, ಜೂನ್ ಹದಿನಾಲ್ಕು, ಬೆಳಿಗ್ಗೆ ಆರು ಗಂಟೆಗೆ.