ನಡುಬಾಗಿಲಿಗೆ ಹೊಸ ಕೀಲು

ಗೋಡೆಯಾಚೆಯ ನನ್ನ ಅಕ್ಕನಿಗೆ,

ಕುಸುಮ ಮಾಡುವ ನಮಸ್ಕಾರ. ನಾವು ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವ ಹಾಗೇ ಇಲ್ಲ, ನಿನ್ನ ಕುಕ್ಕರ್ ಕೂಗುವುದು, ಭಾವ ಕೆಮ್ಮುವುದು ಎಲ್ಲ ಇಲ್ಲಿಗೇ ಕೇಳಿಸುತ್ತದೆ. ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಬರೆಯುವ ಗತಿ ಬಂತಲ್ಲ ನಮಗೆ. ನಗು ಬಂದರೆ ನಕ್ಕುಬಿಡು, ನಾನೂ ನಗುತ್ತಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಸುತ್ತಿಗೆ ಸದ್ದಿಗೆ ಗಾಬರಿಯಾದೆಯೇನೋ. ಮಗ್ಗೆ ಊರಿಂದ ಬಡಗಿ ಧರ್ಮನನ್ನು ಕರೆಸಿ, ನಮ್ಮ ನಿಮ್ಮ ಅಡುಗೆಮನೆ ನಡುವಿನ ಬಾಗಿಲಿನ ಕೀಲು ಬದಲಾಯಿಸಿದೆ. ಭಾವ ನಿಮ್ಮ ಕಡೆಯಿಂದ ಚಿಲಕ ಹಾಕಿದ ಮೇಲೆ ಅದನ್ನು ಯಾರೂ ತೆಗೆದೇ ಇಲ್ಲವಲ್ಲ. ನಮ್ಮ ಕಡೆಯ ಕೀಲಿನ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು, ಬಾಗಿಲು ಕುಸಿದು ನೆಲ ಕಚ್ಚಿತ್ತು. ಈಗ ಎತ್ತಿ ಕೂರಿಸಿದ ಮೇಲೆ ಕೆಳಗೆ ಸಣ್ಣ ಸಂದಿಯಾಗಿದೆ. ಈ ಕಾಗದ ನಿನಗೆ ಸಿಕ್ಕಿದ್ದು ಅಲ್ಲಿಂದಲೇ.

ಆ ಬಾಗಿಲಲ್ಲಿ ಎಷ್ಟು ಓಡಾಡಿದ್ದೇವೆ ನಾವು! ನನ್ನ ಮಗ ಪ್ರವೀಣ ಹುಟ್ಟಿದಾಗ ನನ್ನ ತವರಿನಲ್ಲಿ ತಾಯಿ ಇರಲಿಲ್ಲ. ಓರಗಿತ್ತಿಯಾದರೂ ನಿನ್ನ ಕೋಣೆಯಲ್ಲೇ ಮಲಗಿಸಿಕೊಂಡು ಬಾಣಂತನ ಮಾಡಿದವಳು ನೀನು. ಬಚ್ಚಲಲ್ಲಿ ಹಂಡೆನೀರು ಹುಯ್ದು, ತಲೆಗೆ ಬಟ್ಟೆ ಸುತ್ತಿ, ಕೈಹಿಡಿದು ಆ ಬಾಗಿಲು ದಾಟಿಸುತ್ತಿದ್ದೆ. ಬಾಗಿಲು ಕಿರ್ರೆಂದರೆ ಕೂಸು ಎದ್ದು ರಂಪ. ಅದಕ್ಕೇ ನೀನು ದಿನಾ ಹರಳೆಣ್ಣೆ ಬಟ್ಟಲು ಹಿಡಿದು ಮೊದಲು ಕೀಲಿಗೆ ಬಿಡುತ್ತಿದ್ದೆ. “ಮೊದ್ಲು ಈ ಬಾಯಿಬಡುಕಿಗೆ, ಆಮೇಲೆ ನಿನ್ ನೆತ್ತಿಗೆ ಕಣೇ,” ಅನ್ನುತ್ತಿದ್ದೆ. ನಿನ್ನ ಆ ಮಾತು ಕೇಳಿ ಹೊಲಿಗೆ ನೋಯುವಷ್ಟು ನಗುತ್ತಿದ್ದೆ ನಾನು.

ಆಸ್ತಿ ಪಾಲಾದ ಮೇಲೂ ಬಾಗಿಲು ತೆರೆದೇ ಇತ್ತು, ನಿನ್ನ ಸಾರು ನನಗೆ, ನನ್ನ ಪಲ್ಯ ನಿನಗೆ. ಕೆಡಿಸಿದ್ದು ಆ ಆನೆ. ಕೊಯ್ಲಿಗೆ ಬಂದ ನಮ್ಮ ಭತ್ತಕ್ಕೆ ಇಳಿಯಿತೆಂದು ನಮ್ಮನೆಯವರು ಪಟಾಕಿ ಸಿಡಿಸಿದರು. ಅದು ಬದು ದಾಟಿ ನಿಮ್ಮ ಗದ್ದೆಗೆ ನುಗ್ಗಿತು. ಬೇಕಂತಲೇ ಅಟ್ಟಿದ ಎಂದರು ಭಾವ. ಒಡಹುಟ್ಟಿದವನೇ ಹಾಗಂದ ಮೇಲೆ ಇನ್ನೇನು ಮಾತು ಎಂದರು ಇವರು. ಗದ್ದೆ ಒಂದೇ ಇದ್ದಾಗ ಯಾವ ಮೂಲೆ ತುಳಿದರೂ ಎಲ್ಲರೂ ಸೇರಿ ಆನೆಗೇ ಬೈಯುತ್ತಿದ್ದೆವು. ನಡುವೆ ಬದು ಹಾಕಿದ್ದು ನಮಗೆ ಗೊತ್ತು, ಅದಕ್ಕೇನು ಗೊತ್ತು?

ಸಕಲೇಶಪುರದ ಆಸ್ಪತ್ರೆಯಲ್ಲಿ ನಮ್ಮ ನವ್ಯಶ್ರೀ ಹೆಣ್ಣುಮಗು ಹೆತ್ತಳೆಂದು ಡೇರಿಯಲ್ಲಿ ಯಾರೋ ಹೇಳಿದರು. ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ನಿನ್ನ ಮಗಳ ಸುದ್ದಿ ನನಗೆ ಹಾಲು ಹಾಕುವಲ್ಲಿ ತಿಳಿಯಬೇಕೇ? ಕ್ಯಾನ್ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ ಅಕ್ಕ. ನಾಳೆ ಬಾಣಂತಿ ಮನೆಗೆ ಬರುತ್ತಾಳಂತೆ. ಹಂಡೆಯೊಲೆಯ ಬಚ್ಚಲು ನಮ್ಮ ಪಾಲಿಗೆ ಬಂದಿದೆ. ನಿನ್ನದೋ ಅಂಗಳದಾಚೆಯ ಶೀಟಿನ ಬಚ್ಚಲು. ಹಸಿಮೈ ಹುಡುಗಿಯನ್ನು ಈ ಚಳಿಯಲ್ಲಿ ಅಂಗಳ ದಾಟಿಸುತ್ತೀಯಾ? ಭಾವನನ್ನೂ ಇದನ್ನೇ ಕೇಳು. ಇಲ್ಲಿ ಇವರನ್ನು ಕೇಳಿದೆ. ಎದ್ದು ಹೋಗಿ ಬಚ್ಚಲಿಗೆ ಒಣಸೌದೆ ತಂದು ಹಾಕಿದರು.

ಧರ್ಮ ನನಗೊಂದು ಉಪಾಯ ಹೇಳಿಕೊಟ್ಟ. “ಎರಡೂ ಹಿಂಜಸ್ ಒಟ್ಟಿಗೆ ಬಿಚ್ಚಿದ್ರೆ ಬಾಗ್ಲು ಈ ಕಡೀಕೇ ಬಂದ್ಬುಡ್ತದೆ ಕಣಕ್ಕ, ಆ ಕಡೆ ಚಿಲ್ಕ ತೆಗೆಯೋದೇ ಬ್ಯಾಡ,” ಎಂದ. ಬೇಡ ಎಂದೆ. ಒಂದನ್ನು ಹೊಸದು ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿಸಿದೆ. ನಾನು ಬಾಗಿಲು ಕಿತ್ತು ಬರುವವಳಲ್ಲ. ನೀನು ಬಾರೇ ಅಂದರೆ ಬರುವವಳು.

ಕೀಲಿಗೆ ಹರಳೆಣ್ಣೆ ಬಿಟ್ಟಿದ್ದೇನೆ. ಬಟ್ಟಲಲ್ಲಿ ಉಳಿದಿರುವುದು ನವ್ಯಳ ನೆತ್ತಿಗೆ. ಬೆಳಿಗ್ಗೆ ಎದ್ದವಳೇ ಹಂಡೆ ತುಂಬಿ ಒಲೆ ಹಚ್ಚುತ್ತೇನೆ. ಬಾಗಿಲು ಈಗ ಸದ್ದು ಮಾಡುವುದಿಲ್ಲ, ನೀನು ತೆರೆದರೂ ನನಗೆ ಕೇಳಿಸದು. ಅದಕ್ಕೇ ಅದರ ಎದುರಿಗೇ ಕೂತು ನೋಡುತ್ತಿರುತ್ತೇನೆ. ಚಿಲಕ ನಿನ್ನ ಕಡೆಗಿದೆ.

ತಾಯಿ ಮಗು ತಣ್ಣಗಿರಲಿ. ಆ ಕೂಸಿಗೆ ಈ ಮನೆಯಲ್ಲಿ ಇಬ್ಬರು ಅಜ್ಜಿಯರೂ ಸಿಗಲಿ.

ಬಚ್ಚಲೊಲೆಯ ಮುಂದಿನಿಂದ,
ನಿನ್ನ ತಂಗಿ
ಕುಸುಮ