ಮೈಗೆ ಹತ್ತದ ಔಷಧಿ

ಅಮ್ಮಾ,

ನೀನು ಸತ್ತು ತಿಂಗಳಾಯಿತು. ಇವತ್ತು ಬೆಳಿಗ್ಗೆ ಅಪ್ಪನಿಗೆ ಮತ್ತೆ ಫಿಟ್ಸ್ ಬಂತು. ಆಮೇಲೆ ನಾನು ಅವರ ಮೂಗಿನ ಟ್ಯೂಬಿಗೆ ಹಾಲಿನ ಜೊತೆಗೇ ಫಿಟ್ಸಿನ ಔಷಧಿ ಬಿಡಲು ಹೋದಾಗ ಹೊಸ ನರ್ಸ್ ನನ್ನ ಕೈ ಹಿಡಿದಳು.

“ಒಟ್ಟಿಗೆ ಹಾಕಿದ್ರೆ ಈ ಔಷಧಿ ಮೈಗೆ ಹತ್ತಲ್ಲ. ಮಧ್ಯೆ ಎರಡು ಗಂಟೆ ಬಿಡ್ಬೇಕು. ಹೀಗೆ ಯಾರು ಹೇಳ್ಕೊಟ್ರು?”

“ಅಮ್ಮ” ಎಂದೆ.

ನಿನಗೆ ಹಾಗೆ ಹೇಳಿಕೊಟ್ಟವಳು ನಾನು. ಅಪ್ಪನ ರಕ್ತದಲ್ಲಿ ಔಷಧಿಯೇ ಇಲ್ಲವೆಂದು ರಿಪೋರ್ಟ್ ಬಂದಾಗ, “ಔಷಧಿ ಕೊಡದೆ ಸಾಯಿಸ್ತಿದ್ದೀಯ” ಎಂದು ನೆಂಟರೆದುರು ಕೂಗಿದವಳೂ ನಾನೇ.

“ಒಂದು ಹೊತ್ತೂ ತಪ್ಪಿಸಿಲ್ಲ ಕಣೇ” ಎನ್ನುತ್ತಾ ನೀನು ಖಾಲಿ ಬಾಟಲಿಗಳನ್ನು ತಂದು ತೋರಿಸಿದೆ.

“ಸಿಂಕಿಗೆ ಸುರಿದಿರ್ತೀಯ” ಎಂದೆ. ನೀನು ಸಾಯುವವರೆಗೂ ನಿನ್ನನ್ನು ಅಪ್ಪನ ಕೋಣೆಗೆ ಬಿಡಲಿಲ್ಲ.

“ವಯಸ್ಸಾದವರು, ಗೊತ್ತಾಗಿರಲ್ಲ ಬಿಡಿ” ಎಂದು ನರ್ಸ್ ನಿನ್ನನ್ನು ಕ್ಷಮಿಸಿದಳು.

ನಾನು ಹೂಂ ಎಂದೆ.